ಬೀಗದವನ ಷರಾ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ತಿಳಿಯುವುದಿಲ್ಲ.
ನಲವತ್ತೊಂದು ವರ್ಷ ಥೆಸಲೋನಿಕಿಯಲ್ಲಿ ಬೀಗ ಬಿಚ್ಚಿ ಕೂಡಿಸಿದವನು,
ತೆರೆಯ ಮೇಲೂ ನನಗೆ ಕಾಣುವುದು ಬಾಗಿಲೇ.

ಹೋದ ವಾರ ಬಯಲು ಟಾಕೀಸಿನಲ್ಲಿ 'ಉಪ್ಪಿನ ಸಾಕ್ಷಿ'.
ಮಲ್ಲಿಗೆ ಹಬ್ಬಿದ ಗೋಡೆ, ಕಬ್ಬಿಣದ ಕುರ್ಚಿ,
ಕಾಲ ಸಂದಿಯಲ್ಲಿ ಯಾರದೋ ಬೆಕ್ಕು.
ಪತ್ತೇದಾರ ಒಂದೇ ಒದೆತಕ್ಕೆ ಬಾಗಿಲು ಮುರಿದ.
ಓಕ್ ಮರದ ಬಾಗಿಲು! ಒಳಗೆ ಮೂರು ಅಗುಳಿ!
ಮುರಿಯಬೇಕಾದದ್ದು ಅವನ ಕಾಲು.
ಆಮೇಲೆ ಒಬ್ಬಳು ತಲೆಯ ಪಿನ್ನು ತೆಗೆದು
ಸೀನಿ ಮುಗಿಸುವಷ್ಟರಲ್ಲಿ ತಿಜೋರಿ ತೆರೆದಳು.
ನಾನು ಗಹಗಹಿಸಿ ನಕ್ಕೆ.
ಪೊಲಿಕ್ಸೇನಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ ಅಂದಳು:
ಊರಿಗೆಲ್ಲ ಒಂದು ದಾರಿ, ಎಡವಟ್ಟನಿಗೇ ಒಂದು ದಾರಿ.
ಅಲ್ಲಿ ಅವಳಪ್ಪ ಸಾಯುತ್ತಿದ್ದಾನೆ, ನಿನಗೆ ತಿಜೋರಿ.

ಅವಳದು ಟರ್ಕಿಯ ಧಾರಾವಾಹಿ, 'ಏಳನೆಯ ವಿಧವೆ'.
ಕಂತಿಗೆ ಎರಡು ತಾಸು, ಅದರಲ್ಲಿ ಒಂದು ತಾಸು
ಒಬ್ಬರ ಮುಖ ಒಬ್ಬರು ನೋಡುವುದೇ.
ಇಲ್ಲಿ ನಮ್ಮ ಸೂಪು ಆರಿ ಕೆನೆಗಟ್ಟುತ್ತದೆ.
ಯಾರು ಗುಟ್ಟು ಹೇಳಿದರೂ ಬಾಗಿಲ ಹಿಂದೆ ಇನ್ನೊಬ್ಬಳು.
ಆ ಬಂಗಲೆಗೆ ನೆಟ್ಟಗಿನ ಒಂದು ಚಿಲಕ ಹಾಕಿದ್ದರೆ
ನೂರ ನಾಲ್ಕು ಕಂತು ಉಳಿಯುತ್ತಿತ್ತು
ಅಂದೆ. ಎರಡು ದಿನ ಮಾತಿಲ್ಲ.

ಅಕ್ಕನ ಮಗ ಥ್ರಸಿವೂಲೊಸ್ ಹಾಕಿಕೊಟ್ಟದ್ದು ಇನ್ನೊಂದು,
ಹಿಮದ ದೇಶದ ಕೊಲೆ. ಎಂಟು ಕಂತು, ಎಂಟೂ ಕತ್ತಲು.
ಕೊಲೆಗಾರನನ್ನು ಬಿಡಿ ಮಾರಾಯರೇ,
ಮೊದಲು ಕರೆಂಟಿನವನನ್ನು ಕರೆಸಿ.
ಅದು ಮನಸ್ಸಿನ ಕತ್ತಲು ಮಾವ, ಅಂತಾನೆ.
ಇರಬಹುದು. ನನಗೆ ಬೀಗದ ಕಣ್ಣೂ ಕಾಣಲಿಲ್ಲ.

ಮೆಚ್ಚಿದ್ದಿಲ್ಲವೇ ಅಂದರೆ, ಇದೆ. ಒಂದು ಸಣ್ಣ ಚಿತ್ರ, ಹೆಸರು ಮರೆತೆ.
ರಾತ್ರಿ ಪಾಳಿ ಮುಗಿಸಿ ಬಂದವಳು
ಫೋನಿನಲ್ಲಿ ಯಾರನ್ನೋ ಬೈಯುತ್ತ ಕೀಲಿ ಹಾಕುತ್ತಾಳೆ.
ತಿರುಗುವುದಿಲ್ಲ.
ನೋಡದೆಯೇ, ಬೈಗುಳ ನಿಲ್ಲಿಸದೆಯೇ
ಮೊಣಕಾಲಿನಿಂದ ಬಾಗಿಲನ್ನು ಒಂಚೂರು ಎತ್ತಿ
ಆಮೇಲೆ ತಿರುಗಿಸುತ್ತಾಳೆ.
ತಿರುಗಣಿ ಕುಸಿದ ಮನೆಯಲ್ಲಿ ಬಾಳಿದವರಿಗೇ ಗೊತ್ತು ಅದು.
ಈ ವರ್ಷ ನಾನು ಕಂಡ ಅಭಿನಯ ಅದೊಂದೇ.
ಒಬ್ಬನೇ ಚಪ್ಪಾಳೆ ತಟ್ಟಿದೆ.

ಇನ್ನು, ಎಲ್ಲರೂ ಹೊಗಳುವ 'ಬುಧವಾರದ ಪಟ್ಟಿ'.
ಬ್ಯಾಂಕು ಮನೆ ಹರಾಜು ಹಾಕುವ ಕಥೆ.
ಅಮೀನ, ವಕೀಲ, ಇಬ್ಬರು ಪೊಲೀಸರು,
ಮೆಟ್ಟಿಲ ಮೇಲೆ ಕೂಗಾಡುವ ನೆರೆಹೊರೆ,
ಎಲ್ಲ ಸರಿಯಾಗಿದೆ.
ಆಮೇಲೆ ಒಂದು ಕೈ, ಡ್ರಿಲ್ ಹಿಡಿದದ್ದು.
ಮೂರು ಸೆಕೆಂಡು.
ಕೈಗೆ ಮುಖವಿಲ್ಲ. ಕ್ಯಾಮರಾ
ಅಳುವವಳ ಕಡೆ ಹೋಯಿತು.
ನಾನು ನೀರು ಕುಡಿಯಲು ಎದ್ದೆ.

ಹೇಗಿತ್ತು, ಅಂದಳು ಪೊಲಿಕ್ಸೇನಿ.
ಆ ಮೊನೆಯಿಂದ ಆ ಬೀಗ ಕೊರೆಯಲಾಗದು, ಅಂದೆ.
ಅದೂ ನಿಜವೇ.
ತೂಂಬಾದ ಮೂರನೆಯ ಮಹಡಿಯಲ್ಲಿ ನಾನು ಹಾಕಿದ್ದು
ಆರೂವರೆ ಮಿಲಿಮೀಟರಿನದು.
ಕಿರಾ ಡೊಮ್ನಾ ಅಳಲಿಲ್ಲ. ಕಾಫಿ ಮಾಡಿಕೊಟ್ಟಳು.
ನಿನ್ನ ಕೆಲಸ ತಾನೆ, ಕುಡಿ, ಆರಿಹೋಗುತ್ತದೆ, ಅಂದಳು.
ಅರವತ್ತು ಯೂರೊ, ರಸೀದಿ ಸಮೇತ.
ಇನ್ನೆರಡು ಮನೆಯಾದ ಮೇಲೆ ಡ್ರಿಲ್ ಕೆಟ್ಟಿದೆ ಅಂದೆ.
ಹತ್ತೇ ನಿಮಿಷದಲ್ಲಿ ಬೇರೆಯವನು ಸಿಕ್ಕ ಅವರಿಗೆ.

ಸಿನಿಮಾದಲ್ಲಿ ಕಾಫಿ ಇಲ್ಲ.
ಇಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ, ಅದೂ ಸರಿ.

ಐದಕ್ಕೆ ಎಷ್ಟು ನಕ್ಷತ್ರ ಮಾವ, ಅಂತ ಹುಡುಗ ಕೇಳುತ್ತಾನೆ.
ತಾಳು, ಶುಕ್ರವಾರ ಇನ್ನೊಂದು ಭಾಗವಿದೆ.
ಆ ಕೈ ಸಂಜೆ ಮನೆಗೆ ಹೋಗಿ
ತನ್ನ ಬಾಗಿಲು ಹೇಗೆ ತೆರೆಯಿತು
ಅಂತ ತೋರಿಸುತ್ತಾರೋ ನೋಡಬೇಕು.
ತೋರಿಸುವುದಿಲ್ಲ ಬಿಡು.
ಸೂಪು ಬಿಸಿ ಮಾಡು ಅಂತ ಹೇಳು ಅತ್ತೆಗೆ.