ಸರದಿ

ಮೌಸನ್ನು ಪಕ್ಕಕ್ಕೆ ಸರಿಸಿದರು ಇಂದ್ರಾಣಿ ಮೇಡಂ,
ಎಲೆಯಂಚಿಗೆ ಬೇಡದ ಕರಿಬೇವು ಸರಿಸಿದ ಹಾಗೆ.
ಆಸ್ಪತ್ರೆಯ ಟೆಲಿಫೋನು ಹಲಗೆಯ ಮೇಲೆ
ಮೂವತ್ತೊಂದು ವರ್ಷ ಓಡಾಡಿದ ಬೆರಳು
ಕೀಲಿಮಣೆಯ ಎಡದಂಚಿಗೆ ಹೋಗಿ ಟ್ಯಾಬ್ ಒತ್ತಿತು.

ಕಬ್ಬಿನ ಕಟಾವಿಗೆ ಹೆಸರು ಬರೆಸುವ ಅರ್ಜಿ.
ಮಂಡ್ಯದ ಸುಭಾಷ್ ನಗರದ ಈ ಮಹಡಿಯಲ್ಲಿ
ಮೂರು ವಾರ ಕೂತು ಮಾಡಿದ್ದೆ:
ಎರಡು ಅಂಕಣ, ತಿಳಿಹಸಿರು ಅಂಚು.
ನೋಡಿದವರೆಲ್ಲ ಚೆಂದ ಅಂದಿದ್ದರು.
ನೋಡಿದವರೆಲ್ಲ.

ಯಂತ್ರದ ದನಿ ಹೇಳುತ್ತ ಹೋಯಿತು:
ರೈತರ ಹೆಸರು. ಪಿನ್‌ಕೋಡು. ಸಲ್ಲಿಸು.
ತಂದೆಯ ಹೆಸರು. ತಿದ್ದು, ಖಾಲಿ. ತಿದ್ದು, ಖಾಲಿ.
"ಏನ್ ಖಾಲಿ? ಯಾವ್ದು ಖಾಲಿ?"
ಸರ್ವೆ ನಂಬರು ಮೇಡಂ, ಇಲ್ಲೇ, ಮೇಲೆ ಸಣ್ಣಗೆ ಬರೆದಿದೆ
ಎಂದು ಬೆರಳು ತೋರಿಸಿದೆ.
ತೋರಿಸಿದ ಬೆರಳನ್ನು ಮೆಲ್ಲಗೆ ಮಡಚಿಕೊಂಡೆ.

"ನಮ್ಮಪ್ಪ ನೀರುಗಂಟಿ ಕಣವ್ವ, ಹೊಳಲು ಕಡೆ ಕಾಲ್ವೆಗೆ.
ಮೇಲ್ಗದ್ದೆ ತುಂಬೋ ಮೊದ್ಲೇ ಮಡೆ ತಿರುಗ್ಸಿ
ಕೊನೇ ಗದ್ದೆಗೆ ನೀರು ಬುಟ್ಟಿದ್ರೆ
ಊರು ಸುಮ್ಕಿರ್ತಿತ್ತಾ?"

ಸರದಿಗೆಂದು ನಾನೇ ಕೊಟ್ಟ ಅಂಕಿಗಳು: ಒಂದು, ಎರಡು, ಐದು,
ಆಮೇಲೆ ತುರುಕಿದ್ದಕ್ಕೆ ತೊಂಬತ್ತೊಂಬತ್ತು.
ಎಲ್ಲ ಅಳಿಸಿದೆ. ಸಾಲುಗಳನ್ನೇ ಎತ್ತಿ
ಕಿವಿ ಕೇಳುವ ಕ್ರಮಕ್ಕೆ ಕೂರಿಸಿದೆ.
ಪ್ರತಿ ಖಾಲಿಗೂ ಅದರದರ ಹೆಸರು ಕಟ್ಟಿದೆ,
ಕರುವಿನ ಕೊರಳಿಗೆ ಗಂಟೆ ಕಟ್ಟಿದ ಹಾಗೆ.
ಅಂದಗೆಡುತ್ತದೆಂದು ಒರೆಸಿ ಹಾಕಿದ್ದ ನೀಲಿ ಗೆರೆಯನ್ನು,
ಈಗ ಎಲ್ಲಿದ್ದೀಯ ಎಂದು ಹೇಳುವ ಆ ಒಂದೇ ಗೆರೆಯನ್ನು,
ಮರಳಿ ಎಳೆದೆ. ಅದು ಮೇಡಂಗಲ್ಲ,
ಕೈನಡುಕಕ್ಕೆ ಮೌಸು ಹಿಡಿಯಲಾಗದ
ಗುಮಾಸ್ತ ಚಿಕ್ಕರಸೇಗೌಡರಿಗೆ.

ಸಂಜೆ ಮತ್ತೆ ಟ್ಯಾಬ್.
ಹೆಸರು. ತಂದೆಯ ಹೆಸರು. ಊರು.
ನೂರಡಿ ರಸ್ತೆಯ ಕಡೆಯಿಂದ ಟ್ರ್ಯಾಕ್ಟರೊಂದು ಒದರಿ
ಮುಂದಿನ ಮಾತು ಮುಳುಗಿತು.
ಮೇಡಂ ಕಾದರು; ಶಿಫ್ಟ್ ಹಿಡಿದು ಒಂದು ಹೆಜ್ಜೆ ಹಿಂದೆ ಬಂದು
ಮುಂದೆ ಹೋದರು. ಸರ್ವೆ ನಂಬರು.
ಹಾಗೇ ಒಂದೊಂದೇ ಗದ್ದೆ ತುಂಬುತ್ತ
ಕಾರ್ಖಾನೆಯವರು ಬೇಕೇಬೇಕೆಂದು ಹಾಕಿಸಿದ ಪೆಟ್ಟಿಗೆಗೆ ಬಂದರು:

ನೀವು ಮನುಷ್ಯರೆಂದು ಖಚಿತಪಡಿಸಲು
ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಿರಿ.

ಬೆರಳು ನಿಂತಿತು.
ನನ್ನ ಕಡೆಗೆ, ಅಂದರೆ ನನ್ನ ಉಸಿರಿನ ಕಡೆಗೆ,
ತಿರುಗಿ ನಕ್ಕರು:
"ಇದ್ಕೆ ನೀನೇ ಬರ್ಕೊಡವ್ವ,
ನಾನೂ ಮನುಷ್ಳೇ ಅಂತ."