ಮುನ್ನೂರ ಹದಿಮೂರು

ಲರ್ವಿಕ್‌ನಲ್ಲಿ ಮೂರು ಗಂಟೆಗೇ ಕತ್ತಲು.
ಇಂಗಾ ಇಸ್ಬಿಸ್ಟರ್ ಹೆಣೆಯುತ್ತಾಳೆ:
ಒಂದು ಕಪ್ಪು, ಎರಡು ಬಿಳಿ, ಮೂರು ಕಪ್ಪು,
ಎರಡು ಬಿಳಿ, ಒಂದು ಕಪ್ಪು.
ಕಡ್ಡಿ ಅತ್ತ ಹೋದರೂ ಇತ್ತ ಬಂದರೂ ಸಾಲು ಅದೇ.

ಕಪ್ಪು ಒಂದು, ಬಿಳಿ ಸೊನ್ನೆ ಎಂದುಕೊಂಡು
ಹಾಲಿನ ಬಿಲ್ಲಿನ ಬೆನ್ನ ಮೇಲೆ ಇಮ್ಮಡಿಸುತ್ತ ಕೂಡಿದೆ:
ಮುನ್ನೂರ ಹದಿಮೂರು.
ಹತ್ತರ ಲೆಕ್ಕದಲ್ಲೂ ಹಿಂದುಮುಂದು ಒಂದೇ ಮುಖ!
ಎರಡರಿಂದ ಹದಿನೇಳರವರೆಗೆ ಭಾಗಿಸಿದೆ;
ಪ್ರತಿ ಸಲವೂ ಏನೋ ಒಂದಿಷ್ಟು ಮಿಕ್ಕಿತು.

"ಏಳರಲ್ಲಿ ಬರೆದರೆ?" ಅಂದಳು, ಕಣ್ಣೆತ್ತದೆ.
ಆರು, ಎರಡು, ಐದು. ಮುಖ ಕೆಟ್ಟಿತು,
ಮೈ ಮಾತ್ರ ಅಲ್ಲೂ ಒಡೆಯಲಿಲ್ಲ.

"ನಿನ್ನೂರು?"
ಗದಗ, ಎಂದು ಬರೆದೆ,
ನಮ್ಮ ಲಿಪಿಯಲ್ಲೊಮ್ಮೆ, ಅವಳದರಲ್ಲೊಮ್ಮೆ.
ಬೆರಳಿಟ್ಟು ಬಲದಿಂದ ಎಡಕ್ಕೆ ಹೋದಳು, ಎರಡರಲ್ಲೂ,
ಜಾರಿದ ಕುಣಿಕೆ ಹುಡುಕುವವಳಂತೆ.
ಸಿಗಲಿಲ್ಲ.