ಲಕ್ಷದ ಕಾಮಾ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹಿಂದೆ,
ಬೆಂದ ಹುಳುವಿನ ವಾಸನೆ ಗೋಡೆಗೂ ಹತ್ತಿದ ಓಣಿಯಲ್ಲಿ
ನನ್ನದೊಂದು ಅಂಗಡಿ. ಪ್ರಿಂಟರ್ ರಿಪೇರಿ, ರಬ್ಬರ್ ಸ್ಟಾಂಪು;
ಒಳಮೇಜಿನಲ್ಲಿ ಸಂಬಳವಿಲ್ಲದ ಇನ್ನೊಂದು ಕೆಲಸ.

ಖಲೀಮುಲ್ಲಾ ಸಾಬರ ನೂಲು ಬಿಚ್ಚುವ ಘಟಕದಲ್ಲಿ
ಹಳೇ ಕಂಪ್ಯೂಟರು ಯುಗಾದಿಯ ಮಾರನೇ ದಿನ ಸತ್ತಿತು.
ಹೊಸದಕ್ಕೆ ಲಿನಕ್ಸ್ ಹಾಕಿಕೊಟ್ಟೆ, ಕಾಸಿಲ್ಲದ್ದು ಅಂತ.
"ಅದೆಲ್ಲ ಸರಿ ಕಣಮ್ಮಾ, ನೂಲಿನ ಲೆಕ್ಕ ಎಲ್ಲಿ?"

ನೂಲಿನ ಲೆಕ್ಕ: ಕೈವಾರದ ಅಶ್ವತ್ಥಪ್ಪ ಮೇಷ್ಟ್ರು
ಎರಡು ಸಾವಿರದ ಒಂದರಲ್ಲಿ ಬರೆದ ಪ್ರೋಗ್ರಾಮು.
ಮೇಷ್ಟ್ರು ಈಗಿಲ್ಲ. ಮೂಲ ಬರಹವಿದ್ದ ಫ್ಲಾಪಿಯ ಮೇಲೆ
ಮೊಮ್ಮಗ ಟೀ ಲೋಟ ಇಡುತ್ತಿದ್ದನಂತೆ; ಆಮೇಲೆ ಅದೂ ಇಲ್ಲ.
ಉಳಿದದ್ದು ಗೂಡು. ಬಾಯಿಲ್ಲದ ಗೂಡು.

ಅದಕ್ಕೆ ವಿಂಡೋಸ್ ಬಿಟ್ಟರೆ ಬೇರೆ ಮಾತು ಬಾರದು.
ಕಿಟಕಿ ಕೊಡು ಅನ್ನುತ್ತದೆ, ಅಕ್ಷರ ಕೊಡು, ಗಂಟೆ ಎಷ್ಟು ಅನ್ನುತ್ತದೆ.
ಲಿನಕ್ಸಿಗೆ ಇದರ ಗಂಧಗಾಳಿ ಇಲ್ಲ.
ನಡುವೆ ನಿಲ್ಲುವವರು ನಾವು ಕೆಲವರು,
ಯಾವ ಯಾವ ದೇಶದಲ್ಲೋ, ಮುಖ ಕಂಡವರಲ್ಲ,
ಮಾರುಕಟ್ಟೆಯಲ್ಲಿ ಮುನಿರತ್ನಮ್ಮ ನಿಲ್ಲುವ ಹಾಗೆ:
ಗೂಡು ತಂದವರು "ಎಂತ?" ಅಂದರೂ
ಕೊಳ್ಳುವವರು "ಕಿತ್ತಾ?" ಅಂದರೂ
ಇಬ್ಬರಿಗೂ ಅವರವರ ಮಾತಲ್ಲೇ ಹೇಳಿ
ಕನ್ನಡದಲ್ಲಿ ಚೀಟಿ ಬರೆದು
ತನ್ನದೊಂದು ರೂಪಾಯಿಯನ್ನೂ ಸೇರಿಸದೆ.

ಮೂರನೇ ದಿನ ಪ್ರೋಗ್ರಾಮು ಎದ್ದು ಕೂತಿತು.
ನಾಲ್ಕನೇ ದಿನ ಸಾಬರು ಬಿಲ್ಲು ಹಿಡಿದು ಬಂದರು.
ಅದರಲ್ಲಿ 134,600.
"ನನ್ನ ಲಕ್ಷ ಎಲ್ಲಿ?"
ದುಡ್ಡು ಅಷ್ಟೇ ಇದೆ, ಕಾಮಾ ಒಂದು ಮನೆ ಜಾರಿದೆ ಅಂದೆ.
"ನೂರಾ ಮೂವತ್ತನಾಲ್ಕು ಸಾವಿರ ಅಂತ
ಈ ಊರಲ್ಲಿ ಯಾರು ಎಣಿಸಿದ್ದಾರೆ ಹೇಳು?"

ಮೊದಲು ಮೂರಂಕಿ, ಆಮೇಲೆ ಎರಡೆರಡು.
ಹನ್ನೊಂದು ಸಾಲು ಬರೆದು ಕಳಿಸಿದೆ.
ಹಿಮ ಬೀಳುವ ಯಾವುದೋ ಊರಿಂದ ಮರುನುಡಿ:
ಹಾಗೆಂದು ನಿನಗೆ ಹೇಗೆ ಗೊತ್ತು? ಪರೀಕ್ಷೆ ಎಲ್ಲಿ?
ನಕ್ಕೆ. ನನಗೆ ಹೇಗೆ ಗೊತ್ತು!
ಒಂದನೇ ಕ್ಲಾಸಿನ ಸ್ಲೇಟಿಗೆ ಗೊತ್ತು, ಬಸ್ಸಿನ ಕಂಡಕ್ಟರಿಗೆ ಗೊತ್ತು.
ಆದರೆ ಕೇಳಿದ್ದು ಅದಲ್ಲ, ವಿಂಡೋಸ್ ಏನನ್ನುತ್ತದೆ ಎಂದು.

ಈ ಕೆಲಸಕ್ಕೊಂದು ಮಡಿ ಇದೆ.
ಅವರ ಒಳಬರಹ ಕಂಡವರು ಇಲ್ಲಿ ಕೂರುವಂತಿಲ್ಲ.
ಹೊರಗೆ ನಿಂತು ಕೇಳಬೇಕು, ಬಂದ ಉತ್ತರ ಗುರುತಿಟ್ಟುಕೊಳ್ಳಬೇಕು.
ಸಾಬರು ಗೂಡು ಕೊಳ್ಳುವುದೂ ಹೀಗೆ:
ಮೊಣಕೈವರೆಗೆ ರಾಶಿಗೆ ತೋಳಿಳಿಸಿ
ತಳದಿಂದೊಂದು ಗೂಡು ತೆಗೆದು
ಕಿವಿಯ ಹತ್ತಿರ ಅಲುಗಿಸುತ್ತಾರೆ.
ಕಟಕಟ ಅಂದರೆ ಒಳಗೆಲ್ಲ ಸರಿ.
ಸುಮ್ಮನಿದ್ದರೆ ಹುಳ ಸತ್ತು ಅಂಟಿದೆ.
ಕೊಯ್ದು ನೋಡಬಹುದಿತ್ತು; ನೂಲು ಹೋಗುತ್ತಿತ್ತು.

ನಾದಿನಿಯ ಲ್ಯಾಪ್‌ಟಾಪು ಎರವಲು ತಂದು
ನಾನೂ ಅಲುಗಿಸಿದೆ. ಸೊನ್ನೆ ಕೇಳಿದೆ,
ಒಂಬೈನೂರ ತೊಂಬತ್ತೊಂಬತ್ತು, ಒಂದು ಕೋಟಿ,
ಸೊನ್ನೆಗಿಂತ ಕೆಳಗಿನ ಒಂದು ಲಕ್ಷ.
ಸಾಲದ ಲಕ್ಷಕ್ಕೂ ಕಾಮಾ ಅಲ್ಲೇ ಇತ್ತು.

ಎರಡನೇ ಸಲ ಜಾಗ ಬಿಟ್ಟದ್ದು ಸರಿಯಿಲ್ಲವೆಂದು ವಾಪಸು.
ಮೂರನೇ ಸಲ ಒಪ್ಪಿದರು. ಕರೆಂಟಿರಲಿಲ್ಲ,
ಮೊಬೈಲಿನ ಬೆಳಕಲ್ಲಿ ನನ್ನ ಹೆಸರು ನೋಡಿದೆ,
ಇನಿಷಿಯಲ್ ಹಿಂದುಮುಂದು.

1,34,600. ಸಾಬರು ಕಾಮಾದ ಮೇಲೆ ಬೆರಳಾಡಿಸಿ
ಬಿಲ್ಲು ಮಡಚಿ ಜೇಬಿಗಿಟ್ಟರು. ಟೀ ಹೇಳಿದರು.

ಈಗಲೂ ಬೆಳಿಗ್ಗೆ ಆರೂವರೆಗೆ
ಕುದಿವ ನೀರಿಗೆ ಮೊದಲ ಗೂಡು ಬೀಳುವ ಹೊತ್ತಿಗೆ
ನೂಲಿನ ಲೆಕ್ಕ ತೆರೆದರೆ ಮೊದಲು ಕೇಳುವುದು ಒಂದೇ:
ಎ ಡ್ರೈವಿನಲ್ಲಿ ಫ್ಲಾಪಿ ಇದೆಯೇ?
ಮೇಷ್ಟ್ರು ಸಂಜೆಸಂಜೆ ಲೆಕ್ಕದ ನಕಲು ತೆಗೆದು
ಸೈಕಲ್ಲಿನ ಚೀಲದಲ್ಲಿ ಒಯ್ಯುತ್ತಿದ್ದರಂತೆ.
ಆ ಪ್ರಶ್ನೆ ತೆಗೆದುಹಾಕಮ್ಮಾ ಅನ್ನುತ್ತಾರೆ ಸಾಬರು.
ಎಲ್ಲಿಂದ ತೆಗೆಯಲಿ?
ಅದು ಕೇಳುತ್ತದೆ.
ನಮ್ಮಲ್ಲಿ ಯಾರೋ ಎಂದೋ ಬರೆದಿಟ್ಟ ಸಾಲೊಂದು
ಇಲ್ಲ ಅನ್ನುತ್ತದೆ, ಮೆಲ್ಲಗೆ.
ಒಂದು ಗಳಿಗೆ ಸುಮ್ಮನಿದ್ದು
ತೂಕ ಬರೆಯಲು ಹೊರಡುತ್ತದೆ.